ಠಾಣೆಯ ಮೆಟ್ಟಿಲಿನಿಂದ ಪಾಟೀ ಸವಾಲಿನವರೆಗೆ: ಮನೆಯೊಳಗಿನ ಹಿಂಸೆಗೆ ದೂರು ಕೊಡುವವರಿಗೊಂದು ಮಾರ್ಗದರ್ಶಿ

ದೂರು ಕೊಟ್ಟ ದಿನವೇ ಗಂಡನನ್ನು ಹಿಡಿದುಕೊಂಡು ಹೋಗುತ್ತಾರಾ? ಠಾಣೆಯಲ್ಲಿ ರಾಜಿ ಮಾಡಿಕೊಳ್ಳಿ ಅಂದರೆ ಏನು ಮಾಡಬೇಕು? ಕೊಟ್ಟ ದೂರನ್ನು ವಾಪಸ್ ತೆಗೆದುಕೊಳ್ಳಬಹುದಾ? ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅಂದಮೇಲೆ ಈ ಪ್ರಶ್ನೆಗಳು ಬರುತ್ತಲೇ ಇರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಇಂಥ ಕೇಸು ನಿಲ್ಲುವುದೂ ಬೀಳುವುದೂ ಮೊದಲ ವಾರದಲ್ಲಿ ಹುಟ್ಟಿದ ಕಾಗದಗಳ ಮೇಲೆ. ಆಸ್ಪತ್ರೆಯ ಚೀಟಿ, ದೂರಿನ ಪ್ರತಿ, ಠಾಣೆಯ ಸ್ವೀಕೃತಿ ಇವುಗಳಲ್ಲಿ ಏನು ಬರೆದಿದೆಯೋ ಅದರ ಮೇಲೆಯೇ ವರ್ಷಗಳ ನಂತರ ಎದುರು ವಕೀಲರು ನಿಮ್ಮನ್ನು ಪ್ರಶ್ನಿಸುತ್ತಾರೆ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಯಾವ ಕಾಗದ ಕೈಗೆ ಬರಬೇಕು ಎಂಬುದನ್ನು ಹೇಳಿದ್ದೇವೆ.

ಮೊದಲು ತಿಳಿಯಬೇಕಾದ್ದು: ದಾರಿ ಎರಡು

ಠಾಣೆಗೆ ಹೋಗುವ ಬಹುತೇಕರು ಇರುವುದು ಒಂದೇ ದಾರಿ ಅಂದುಕೊಂಡಿರುತ್ತಾರೆ. ಅಲ್ಲಿಂದಲೇ ಗೊಂದಲ ಶುರು.

ಒಂದು, ಕ್ರಿಮಿನಲ್ ಕೇಸು. ಹಿಂದೆ 498ಎ ಎಂದು ಹೆಸರಾಗಿದ್ದ ಕಾನೂನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85 ಆಗಿದೆ. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕ್ರೌರ್ಯ ಎಂದರೇನು ಎಂಬುದು ಸೆಕ್ಷನ್ 86ರಲ್ಲಿದೆ. ವರದಕ್ಷಿಣೆ ಕೇಳಿದ್ದರೆ ಮಾತ್ರ ಈ ಸೆಕ್ಷನ್ ಬರುತ್ತದೆ ಎನ್ನುವುದು ಶುದ್ಧ ತಪ್ಪು ತಿಳಿವಳಿಕೆ. ಪ್ರಾಣಕ್ಕೆ, ದೇಹಕ್ಕೆ, ಮಾನಸಿಕ ಆರೋಗ್ಯಕ್ಕೆ ಗಂಭೀರ ಅಪಾಯ ತರುವ, ಬೇಕೆಂದೇ ಮಾಡಿದ ನಡವಳಿಕೆಯೂ ಸಾಕು. 2024ರ ಜುಲೈಗೆ ಮುಂಚಿನ ಘಟನೆಗಳಿಗೆ ಹಳೆಯ ಐಪಿಸಿಯೇ (498ಎ ಇದ್ದ ಭಾರತೀಯ ದಂಡ ಸಂಹಿತೆ) ಅನ್ವಯ. ಈ ದಾರಿಯ ಗುರಿ ಶಿಕ್ಷೆ. ಕೇಸು ನಡೆಸುವುದು ಸರ್ಕಾರ, ನೀವು ಅದರಲ್ಲಿ ಸಾಕ್ಷಿ. ನಿಧಾನದ ದಾರಿ ಇದು.

ಇನ್ನೊಂದು, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ. ಇದರ ಗುರಿ ಪರಿಹಾರ: ಹತ್ತಿರ ಬರಬಾರದೆಂಬ ರಕ್ಷಣಾ ಆದೇಶ, ಮನೆಯಿಂದ ಹೊರಹಾಕಬಾರದೆಂಬ ವಾಸದ ಆದೇಶ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ಸ್ತ್ರೀಧನ ಅಂದರೆ ನಿಮಗೇ ಸೇರಿದ ಒಡವೆ, ಉಡುಗೊರೆಗಳ ವಾಪಸಿ. ಅರ್ಜಿ ಹೋಗುವುದು ನೇರ ಮ್ಯಾಜಿಸ್ಟ್ರೇಟ್ ಮುಂದೆ. ಮದುವೆಯಾಗದೆ ಜೊತೆಗಿದ್ದವರು, ತಾಯಿ, ಅಕ್ಕತಂಗಿ, ವಿಧವೆ ಅತ್ತಿಗೆ ಎಲ್ಲರಿಗೂ ಇದು ತೆರೆದಿದೆ. ಸೆಕ್ಷನ್ 85 ಹೆಂಡತಿಗೆ ಮಾತ್ರ.

ಎರಡನ್ನೂ ಒಟ್ಟಿಗೆ ಹಿಡಿಯಬಹುದು, ಒಂದನ್ನೇ ಹಿಡಿಯಬಹುದು. ಇವತ್ತು ರಾತ್ರಿ ಎಲ್ಲಿ ಮಲಗಬೇಕು, ಮಗುವಿನ ಫೀಸು ಯಾರು ಕಟ್ಟಬೇಕು ಎಂಬುದು ನಿಮ್ಮ ದೊಡ್ಡ ಚಿಂತೆಯಾಗಿದ್ದರೆ ಎರಡನೆಯದನ್ನು ಮೊದಲು ಹಿಡಿಯಿರಿ. ಎಫ್‌ಐಆರ್‌ನಿಂದ ಬಾಡಿಗೆ ಹುಟ್ಟುವುದಿಲ್ಲ.

ಹಂತ 1: ಮನೆ ಬಿಡುವ ಮುನ್ನ

ಜೀವಕ್ಕೆ ಅಪಾಯವಿದ್ದರೆ ಈ ಹಂತವನ್ನು ಬಿಟ್ಟು 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100, ಮಕ್ಕಳ ಸಹಾಯವಾಣಿ 1098.

ಸಮಯವಿದ್ದರೆ ಆಧಾರ್, ಮದುವೆಯ ನೋಂದಣಿ ಪತ್ರ ಅಥವಾ ಲಗ್ನಪತ್ರಿಕೆ ಮತ್ತು ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ಪಾಸ್‌ಬುಕ್, ಒಡವೆಯ ಬಿಲ್ಲು, ಗಂಡನ ಸಂಬಳದ ಚೀಟಿ ಅಥವಾ ಪಹಣಿಯ ಪ್ರತಿ ಇಷ್ಟನ್ನು ತೆಗೆದಿಡಿ. ಮೂಲ ಸಿಗದಿದ್ದರೆ ಫೋಟೊ ತೆಗೆದು, ಗಂಡನಿಗೆ ಗೊತ್ತಿಲ್ಲದ ಇಮೇಲ್‌ಗೆ ಕಳಿಸಿ. ಮದುವೆಯಲ್ಲಿ ಒಡವೆ ಹಾಕಿಕೊಂಡ ಫೋಟೊಗಳು ಸ್ತ್ರೀಧನದ ಪಟ್ಟಿಗೆ ಒಳ್ಳೆಯ ಆಧಾರ.

ಫೋನಿನ ಲೊಕೇಶನ್ ಶೇರಿಂಗ್, ಗೂಗಲ್ ಖಾತೆಯ ಪಾಸ್‌ವರ್ಡ್, ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್ ಮೂರನ್ನೂ ನೋಡಿಕೊಳ್ಳಿ. ಎಲ್ಲಿದ್ದೀರೆಂದು ಗಂಡನಿಗೆ ಗೊತ್ತಾಗುವುದು ಸಾಮಾನ್ಯವಾಗಿ ಇಲ್ಲಿಂದ.

ಹೋಗಲು ಜಾಗವಿಲ್ಲದಿದ್ದರೆ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಕೆಲವು ದಿನಗಳ ತಾತ್ಕಾಲಿಕ ವಸತಿ, ಆಪ್ತಸಮಾಲೋಚನೆ, ಠಾಣೆಗೆ ಜೊತೆಗೆ ಬರುವ ನೆರವು ಸಿಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಸಾಂತ್ವನ ಕೇಂದ್ರಗಳನ್ನೂ ವಿಚಾರಿಸಿ.

ಹಂತ 2: ಏಟು ಬಿದ್ದಿದ್ದರೆ ಆಸ್ಪತ್ರೆ, ಅದೂ ಅವತ್ತೇ

ಸರ್ಕಾರಿ ಆಸ್ಪತ್ರೆಯಾದರೆ ಒಳ್ಳೆಯದು. ಖಾಸಗಿ ಆಸ್ಪತ್ರೆಯಾದರೂ ಎಂಎಲ್‌ಸಿ ಮಾಡಿ ಎಂದು ಬಾಯಿಬಿಟ್ಟು ಕೇಳಿ. ಎಂಎಲ್‌ಸಿ ಎಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂದು ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಿಸುವುದು. ಚಿಕಿತ್ಸೆಗೆ ಪೊಲೀಸರು ಬರುವವರೆಗೆ ಕಾಯಬೇಕಿಲ್ಲ.

ಇಲ್ಲಿ ಆಗುವ ದೊಡ್ಡ ಎಡವಟ್ಟು: ಪಕ್ಕದಲ್ಲಿ ಅತ್ತೆಯೋ ಗಂಡನೋ ನಿಂತಿರುತ್ತಾರೆ, ಡಾಕ್ಟರು ಕೇಳಿದಾಗ ಬಚ್ಚಲಲ್ಲಿ ಜಾರಿ ಬಿದ್ದೆ ಎಂದುಬಿಡುತ್ತಾರೆ. ಅದು ಹಾಗೆಯೇ ಚೀಟಿಯಲ್ಲಿ ಉಳಿಯುತ್ತದೆ. ಒಬ್ಬರೇ ಮಾತಾಡಬೇಕು ಎಂದು ಕೇಳಿಕೊಳ್ಳಿ. ಯಾರು, ಯಾವುದರಿಂದ, ಎಷ್ಟು ಹೊತ್ತಿಗೆ, ಎಲ್ಲಿ ಹೊಡೆದರು ಎಂಬ ನಾಲ್ಕನ್ನೂ ಹೇಳಿ, ಬರೆದದ್ದನ್ನು ಓದಿಸಿಕೊಳ್ಳಿ.

ಎಕ್ಸ್‌ರೇ ಹೇಳಿದರೆ ಬಿಡಬೇಡಿ. ಮೂಳೆ ಮುರಿದಿದ್ದರೆ, ಹಲ್ಲು ಬಿದ್ದಿದ್ದರೆ, ಅಥವಾ ತೀವ್ರ ನೋವಿನಿಂದ 15 ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ಕಾನೂನಿನ ಕಣ್ಣಲ್ಲಿ ಘೋರ ಗಾಯ. ಸಾಮಾನ್ಯ ಗಾಯಕ್ಕೆ ಹೆಚ್ಚೆಂದರೆ ಒಂದು ವರ್ಷ ಜೈಲು, ಘೋರ ಗಾಯಕ್ಕೆ ಏಳು ವರ್ಷದವರೆಗೆ. ವ್ಯತ್ಯಾಸವನ್ನು ಹೇಳುವುದು ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಪ್ರಮಾಣಪತ್ರ. ಅದನ್ನು ವೈದ್ಯರು ಪೊಲೀಸರಿಗೆ ಕೊಡುತ್ತಾರೆ. ನಿಮ್ಮ ಕೈಯಲ್ಲಿ ಒಪಿಡಿ ಚೀಟಿ, ಎಕ್ಸ್‌ರೇ, ಬಿಲ್ಲು ಇರಲಿ.

ಕಂದಿದ ಗಾಯ ಮೊದಲ ದಿನಕ್ಕಿಂತ ಎರಡನೇ ಮೂರನೇ ದಿನ ಎದ್ದು ಕಾಣುತ್ತದೆ. ಎರಡೂ ಸಲ ಫೋಟೊ ತೆಗೆಯಿರಿ: ಒಂದು ಗಾಯದ ಹತ್ತಿರದ್ದು, ಒಂದು ಮುಖವೂ ಕಾಣುವಂಥದ್ದು.

ಹಂತ 3: ದೂರು ಬರೆಯುವುದು

ಠಾಣೆಯ ರೈಟರ್ ಬರೆಯಲಿ ಎಂದು ಬರಿಗೈಯಲ್ಲಿ ಹೋಗಬೇಡಿ. ಕನ್ನಡದಲ್ಲೇ, ನಿಮ್ಮ ಮಾತಿನಲ್ಲೇ, ಎರಡು ಮೂರು ಪುಟದಲ್ಲಿ ಬರೆದುಕೊಂಡು ಹೋಗಿ.

ಮದುವೆಯ ದಿನಾಂಕ, ವಾಸವಿದ್ದ ವಿಳಾಸಗಳು, ಮಕ್ಕಳು. ಆಮೇಲೆ ಘಟನೆಗಳು, ಹಳೆಯದರಿಂದ ಹೊಸದಕ್ಕೆ. ತಾರೀಕು ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ದೀಪಾವಳಿಯ ಮಾರನೇ ದಿನ, ಮಗಳ ನಾಮಕರಣದ ವಾರ ಎಂದು ಬರೆಯಿರಿ. ತಪ್ಪು ತಾರೀಕಿಗಿಂತ ಅಂದಾಜು ಕಾಲ ಎಷ್ಟೋ ವಾಸಿ. ಯಾರಿಗೆ ಹೇಳಿಕೊಂಡಿರಿ, ಯಾರು ನೋಡಿದರು, ಹಿರಿಯರು ಪಂಚಾಯ್ತಿ ಮಾಡಿದ್ದರೆ ಯಾರ ಮನೆಯಲ್ಲಿ, ಇವೂ ಬರಲಿ. ಕೊನೆಯ ಘಟನೆಯನ್ನು ವಿವರವಾಗಿ.

ಈಗ ಎಚ್ಚರಿಕೆಯ ಮಾತು. ಗಂಡ, ಅತ್ತೆ, ಮಾವ, ದುಬೈನಲ್ಲಿರುವ ಮೈದುನ, ಮದುವೆಯಾಗಿ ಹೋದ ನಾದಿನಿ ಎಲ್ಲರೂ ಸೇರಿ ಕಿರುಕುಳ ಕೊಟ್ಟರು ಎಂಬ ಒಂದು ಸಾಲಿನಿಂದ ಕೇಸು ಗಟ್ಟಿಯಾಗುತ್ತದೆ ಎಂದು ಹೇಳಿಕೊಡುವವರು ಇದ್ದಾರೆ. ಆಗುವುದು ತಿರುಗಾಮುರುಗಾ. ಇಂಥ ಸಾರಾಸಗಟು ಆರೋಪವಿದ್ದ ಪ್ರಕರಣಗಳನ್ನು ಸುಪ್ರೀಂ ಕೋರ್ಟ್ 2022ರಲ್ಲೂ 2024ರಲ್ಲೂ ಸಂಬಂಧಿಕರ ಮಟ್ಟಿಗೆ ರದ್ದು ಮಾಡಿದೆ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಮಾಡಿದ ಕೆಲಸ ಏನು ಎಂದು ಬರೆಯಲು ಸಾಧ್ಯವಿದ್ದರೆ ಮಾತ್ರ ಹೆಸರು ಸೇರಿಸಿ. ಅತ್ತೆ ನಿಜವಾಗಿ ಹೊಡೆದಿದ್ದರೂ ನಾದಿನಿಯ ಹೆಸರು ಸುಮ್ಮನೆ ಸೇರಿದ್ದಕ್ಕೆ ಇಡೀ ದೂರಿನ ಮೇಲೆ ಸಂಶಯ ಹುಟ್ಟುತ್ತದೆ.

ವರದಕ್ಷಿಣೆ ಕೊಟ್ಟಿದ್ದೇವೆ ಎಂದು ಬರೆದರೆ ನಿಮ್ಮ ಅಪ್ಪನೂ ಒಳಗೆ ಹೋಗುತ್ತಾರೆ ಎಂದು ಹೆದರಿಸುವುದುಂಟು. ವರದಕ್ಷಿಣೆ ನಿಷೇಧ ಕಾಯ್ದೆಯ ಸೆಕ್ಷನ್ 7(3)ರ ಪ್ರಕಾರ ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಆ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ.

ವಾಟ್ಸ್‌ಆ್ಯಪ್ ಸಂದೇಶ, ಆಡಿಯೊ ಇದ್ದರೆ ಸ್ಕ್ರೀನ್‌ಶಾಟಿನ ಪ್ರಿಂಟ್ ಒಂದೇ ಸಾಲದು. ಕೋರ್ಟಿನಲ್ಲಿ ಅದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಬೇಕಾಗುತ್ತದೆ. ಸಂದೇಶ ಬಂದ ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಚಾಟ್ ಅಳಿಸಬೇಡಿ.

ಹಂತ 4: ಠಾಣೆಯಲ್ಲಿ

ಬೆಂಗಳೂರಿನಲ್ಲಿ ಏಟು ತಿಂದು ದಾವಣಗೆರೆಯ ತವರಿಗೆ ಬಂದಿದ್ದರೆ ದಾವಣಗೆರೆಯಲ್ಲೇ ದೂರು ಕೊಡಬಹುದು. ಗಂಡನ ಮನೆ ಬಿಟ್ಟು ಆಶ್ರಯ ಪಡೆದ ಊರಿನಲ್ಲೂ 498ಎ ಪ್ರಕರಣ ನಡೆಯಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದಲ್ಲದೆ, ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಾದರೂ ಮಾಹಿತಿ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು; ಇದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ನಮ್ಮ ಲಿಮಿಟ್ಸ್ ಅಲ್ಲ ಎಂಬ ಉತ್ತರಕ್ಕೆ ವಾಪಸ್ ಬರಬೇಡಿ. ನೀವೇ ಹೋಗಲಾಗದಿದ್ದರೆ ಅಪ್ಪ, ಅಮ್ಮ, ಒಡಹುಟ್ಟಿದವರೂ ಸೆಕ್ಷನ್ 85ರ ದೂರು ಕೊಡಬಹುದು.

ದೂರು ಕೊಟ್ಟ ಮೇಲೆ ಠಾಣೆಯಲ್ಲಿ ಮೂರರಲ್ಲಿ ಒಂದು ಆಗುತ್ತದೆ, ಯಾವುದಾಯಿತು ಎಂದು ಕೇಳಿ ತಿಳಿದುಕೊಳ್ಳಿ.

ಎಫ್‌ಐಆರ್: ತನಿಖೆ ಶುರುವಾಯಿತು ಎಂದರ್ಥ. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅದರ ಮೇಲಿನ ಅಪರಾಧ ಸಂಖ್ಯೆ, ಸೆಕ್ಷನ್‌ಗಳು, ತನಿಖಾಧಿಕಾರಿಯ ಹೆಸರು ನೋಡಿಕೊಳ್ಳಿ.

ಎನ್‌ಸಿಆರ್: ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಚಿಕ್ಕ ಅಪರಾಧ ಎಂದು ಬರೆದುಕೊಂಡಿದ್ದಾರೆ. ಹೆಂಡತಿಗೆ ಹೊಡೆದ ದೂರನ್ನು ಬರೀ ಸಾಮಾನ್ಯ ಗಾಯ ಮತ್ತು ಬೈಗುಳ ಎಂದು ಇಳಿಸಿದಾಗ ಹೀಗಾಗುತ್ತದೆ. ದೂರಿನಲ್ಲಿ ಹಿಂದಿನ ಘಟನೆಗಳ ಸರಣಿ ಇದ್ದರೆ ಹೀಗೆ ಇಳಿಸುವುದು ಕಷ್ಟ.

ಅರ್ಜಿ ವಿಚಾರಣೆ: ಸ್ವೀಕೃತಿ ಕೊಟ್ಟು, ಗಂಡನನ್ನು ಕರೆಸಿ, ಬುದ್ಧಿ ಹೇಳಿ, ಇನ್ನು ಹೀಗೆ ಮಾಡುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಂಡು, ಅರ್ಜಿ ಮುಗಿಯಿತು ಎಂಬ ಹಿಂಬರಹ ಕೊಟ್ಟು ಮುಗಿಸುವುದು. ಹೆಚ್ಚಿನವರು ಮೊದಲ ಸಲ ಕಾಣುವುದು ಇದನ್ನೇ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಬಹುದು ಎಂದು ತನಿಖೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೇ ಹೇಳುತ್ತದೆ. ತಿಂಗಳುಗಟ್ಟಲೆ ಓಡಾಡಿಸಲು ಅದರಲ್ಲಿ ಅವಕಾಶವಿಲ್ಲ.

ರಾಜಿಗೆ ನೀವೇ ಒಪ್ಪುವುದಾದರೆ ಒಪ್ಪಿ, ತಪ್ಪೇನಿಲ್ಲ. ಆದರೆ ಮುಚ್ಚಳಿಕೆಯಲ್ಲಿ ಸಣ್ಣಪುಟ್ಟ ಮನಸ್ತಾಪ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಯಾವ ದಿನ ಏನು ಮಾಡಿದ್ದ, ಇನ್ನು ಮುಂದೆ ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಿರಲಿ, ಪ್ರತಿ ನಿಮ್ಮ ಹತ್ತಿರ ಇರಲಿ. ಮತ್ತೆ ಹೊಡೆದರೆ ಅದೇ ಕಾಗದ ಹಳೆಯ ಹಿಂಸೆಗೆ ಸಾಕ್ಷಿಯಾಗುತ್ತದೆ. ಇಬ್ಬರದೂ ತಪ್ಪಿದೆ ಎಂಬ ಒಂದು ವಾಕ್ಯಕ್ಕೆ ಸಹಿ ಹಾಕಿದ್ದರೆ ಅದೇ ಕಾಗದ ಗಂಡನ ವಕೀಲರ ಕೈಗೆ ಹೋಗುತ್ತದೆ.

ಎಫ್‌ಐಆರ್ ಮಾಡದಿದ್ದರೆ ದೂರಿನ ಪ್ರತಿಯನ್ನು ಎಸ್‌ಪಿಗೆ, ನಗರಗಳಲ್ಲಿ ಡಿಸಿಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಅಫಿಡವಿಟ್‌ನೊಂದಿಗೆ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಮ್ಯಾಜಿಸ್ಟ್ರೇಟ್‌ಗೆ ಅರ್ಜಿ. ಎಸ್‌ಪಿ ಹಂತವನ್ನು ಹಾರಿಸಿ ನೇರ ಕೋರ್ಟಿಗೆ ಹೋದ ಅರ್ಜಿಗಳು ಆ ಕಾರಣಕ್ಕೇ ಬೀಳುತ್ತವೆ.

ಕಾಲಮಿತಿ ಮರೆಯಬೇಡಿ. ಸೆಕ್ಷನ್ 85ಕ್ಕೆ ಮೂರು ವರ್ಷ. ಕೊನೆಯ ಕಿರುಕುಳದ ದಿನಾಂಕ ದೂರಿನಲ್ಲಿ ಎದ್ದು ಕಾಣಬೇಕು ಎನ್ನುವುದು ಅದಕ್ಕೇ.

ಹಂತ 5: ರಕ್ಷಣಾಧಿಕಾರಿ ಮತ್ತು ಮ್ಯಾಜಿಸ್ಟ್ರೇಟ್ ಮುಂದಿನ ಅರ್ಜಿ

ಕರ್ನಾಟಕದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ 2005ರ ಕಾಯ್ದೆಯಡಿ ರಕ್ಷಣಾಧಿಕಾರಿ. ಅಂಗನವಾಡಿ ಟೀಚರಿಗೆ ಕೇಳಿದರೆ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ಅವರು ಕೌಟುಂಬಿಕ ಘಟನಾ ವರದಿ ತಯಾರಿಸುತ್ತಾರೆ. ಇದನ್ನು ಡಿಐಆರ್ ಎನ್ನುತ್ತಾರೆ. ಡಿಐಆರ್ ಇಲ್ಲದೆಯೂ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಅಧಿಕಾರಿ ರಜೆ ಎಂದು ಕಾಯುತ್ತ ಕೂರಬೇಡಿ.

ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು.

ಅರ್ಜಿಯಲ್ಲಿ ಸೂಕ್ತ ಪರಿಹಾರ ಕೊಡಿಸಬೇಕಾಗಿ ಪ್ರಾರ್ಥನೆ ಎಂದು ಮುಗಿಸಬೇಡಿ. ಬಾಡಿಗೆ ಎಷ್ಟು, ಶಾಲೆ ಫೀಸು ಎಷ್ಟು, ಔಷಧಿಗೆ ಎಷ್ಟು, ಯಾವ ಯಾವ ಒಡವೆ ಎಷ್ಟು ಗ್ರಾಂ ಎಂದು ಪಟ್ಟಿ ಕೊಡಿ. ಎದುರು ಪಕ್ಷ ಬರುವ ಮೊದಲೇ ಮಧ್ಯಂತರ ಆದೇಶ ಬೇಕು ಎಂದರೆ ಅದೇ ಕಾಯ್ದೆಯ ಸೆಕ್ಷನ್ 23ರಡಿ ಪ್ರತ್ಯೇಕ ಅಫಿಡವಿಟ್ ಹಾಕಬೇಕು. ಇದನ್ನು ಬಿಟ್ಟರೆ ತಿಂಗಳುಗಳು ಹೋಗುತ್ತವೆ. ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಕೊಡಬೇಕು. ನಿಮಗೆ ಸಂಬಳ ಇದ್ದರೆ ಮುಚ್ಚಿಡಬೇಡಿ, ಬ್ಯಾಂಕ್ ಹಾಳೆಯಲ್ಲಿ ಸಿಕ್ಕಿಬಿದ್ದ ದಿನ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಮನೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು ಎಂಬ ಮಾತು ಹಳೆಯದು. ಕುಟುಂಬವಾಗಿ ಬಾಳಿದ ಮನೆ ಗಂಡನ ಸಂಬಂಧಿಕರ ಹೆಸರಿನಲ್ಲಿದ್ದರೂ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ. ಹಾಗೆಂದು ಆ ಮನೆಯಲ್ಲೇ ಪಾಲು ಸಿಗುತ್ತದೆ ಎಂದು ತಿಳಿಯಬೇಡಿ. ಬದಲಿ ಮನೆ ಅಥವಾ ಬಾಡಿಗೆ ಕೊಡಿಸುವುದೂ ಉಂಟು.

ಕಾನೂನಿನಲ್ಲಿ ಮೊದಲ ವಿಚಾರಣೆ ಮೂರು ದಿನದೊಳಗೆ, ಅರ್ಜಿಯ ಇತ್ಯರ್ಥ 60 ದಿನದೊಳಗೆ ಎಂದಿದೆ. ವಾಸ್ತವದಲ್ಲಿ ಅಷ್ಟರಲ್ಲಿ ಮುಗಿಯುವುದು ಅಪರೂಪ. ಮನೆ ಬೀಗ ಎಂದು ನೋಟಿಸ್ ವಾಪಸಾಗುವುದು ಮಾಮೂಲಿ ಕಾರಣ. ಗಂಡನ ಕಚೇರಿ ವಿಳಾಸ, ಊರಿನ ವಿಳಾಸ, ಮೊಬೈಲ್, ಇಮೇಲ್ ಎಲ್ಲವನ್ನೂ ಮೊದಲ ದಿನವೇ ಕೊಡಿ.

ರಕ್ಷಣಾ ಆದೇಶ ಮುರಿದರೆ ಅದೇ ಒಂದು ಅಪರಾಧ: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದೇಶದ ಪ್ರತಿ ಉಚಿತ, ಒಂದು ಪ್ರತಿ ಠಾಣೆಗೂ ಮುಟ್ಟಿದೆಯೇ ನೋಡಿ. ಹಣ ಕಟ್ಟದಿದ್ದರೆ ವಸೂಲಿ ಅರ್ಜಿ ಹಾಕಬೇಕು, ಸಂಬಳದಿಂದಲೇ ಕಡಿತ ಮಾಡಿಸಲು ಕೇಳಬಹುದು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹೋಗಲಿ. ಪಾಪ, ಕೊಡುತ್ತಾನೆ ಎಂದು ಎರಡು ವರ್ಷ ಕಾದರೆ ಹಳೆಯ ಬಾಕಿ ಕೈತಪ್ಪುತ್ತದೆ.

ಹಂತ 6: ತನಿಖೆ, ಬೇಲ್ ಮತ್ತು ಬಿ ರಿಪೋರ್ಟ್

ಎಫ್‌ಐಆರ್ ಆದರೂ ಗಂಡ ಆರಾಮಾಗಿ ಓಡಾಡಿಕೊಂಡಿದ್ದಾನೆ, ಪೊಲೀಸರು ದುಡ್ಡು ತಿಂದಿರಬೇಕು ಎಂಬ ಅನುಮಾನ ಬಹಳ ಜನಕ್ಕೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಅಗತ್ಯವಿಲ್ಲದೆ ಬಂಧಿಸಬಾರದು, ಮೊದಲು ನೋಟಿಸ್ ಕೊಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಬಂಧನ ಆಗದಿರುವುದು ನಿಯಮ, ಆಗುವುದು ಅಪವಾದ. ಆದರೆ ಬೆದರಿಕೆ, ಹಿಂಬಾಲಿಸುವುದು, ಸಾಕ್ಷಿಗಳನ್ನು ತಿರುಗಿಸುವುದು ನಡೆದರೆ ಪ್ರತಿ ಸಲವೂ ಬರೆದು ಕೊಡಿ. ಬಂಧನಕ್ಕೂ ಬೇಲ್ ರದ್ದತಿಗೂ ಬೇಕಾಗುವುದು ಆ ಕಾಗದಗಳೇ. ಬೇಲ್ ಸಿಕ್ಕಿತು ಎಂದರೆ ಕೇಸು ಖುಲಾಸೆಯಾಯಿತು ಎಂದಲ್ಲ.

ತನಿಖಾಧಿಕಾರಿ ಸ್ಥಳ ಮಹಜರು, ಅಂದರೆ ಘಟನೆ ನಡೆದ ಜಾಗ ನೋಡಿ ಬರೆದುಕೊಳ್ಳುವ ಕೆಲಸ, ಮಾಡುತ್ತಾರೆ, ಸಾಕ್ಷಿಗಳ ಹೇಳಿಕೆ ಪಡೆಯುತ್ತಾರೆ. ಸಾಕ್ಷಿ ಹೇಳಿಕೆಗಾಗಿ ಮಹಿಳೆಯನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಮನೆಯಲ್ಲೇ ಪಡೆಯಬೇಕು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನಿಮ್ಮ ಸಹಿ ಹಾಕಿಸುವಂತಿಲ್ಲ. ಸಹಿ ಇರುವುದು ಮೂಲ ದೂರಿಗೆ ಮಾತ್ರ. ನೆರೆಮನೆಯವರು, ಮನೆ ಮಾಲೀಕರು, ತವರಿನವರು, ಕೆಲಸದ ಸ್ಥಳದ ಗೆಳತಿ ಯಾರು ಏನು ನೋಡಿದ್ದಾರೆ ಎಂಬ ಪಟ್ಟಿ ನೀವೇ ಕೊಡಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕು.

ತನಿಖೆ ಮುಗಿದ ಮೇಲೆ ದೋಷಾರೋಪ ಪಟ್ಟಿ, ಜನರ ಬಾಯಲ್ಲಿ ಚಾರ್ಜ್‌ಶೀಟ್, ಬರಬಹುದು. ಇಲ್ಲವೇ ಬಿ ರಿಪೋರ್ಟ್ ಬರಬಹುದು, ಅಂದರೆ ಆರೋಪ ಸಾಬೀತಾಗುವಂತಿಲ್ಲ ಎಂಬ ವರದಿ. ಬಿ ರಿಪೋರ್ಟ್ ಬಂದರೆ ಕೋರ್ಟಿನಿಂದ ನಿಮಗೆ ನೋಟಿಸ್ ಬರುತ್ತದೆ. ಸುಮ್ಮನಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಒಪ್ಪದಿದ್ದರೆ ಆ ದಿನಾಂಕಕ್ಕೇ ಹಾಜರಾಗಿ ತಕರಾರು ಅರ್ಜಿ ಸಲ್ಲಿಸಬೇಕು. ವಿಳಾಸ ಬದಲಾದದ್ದನ್ನು ಠಾಣೆಗೆ ತಿಳಿಸದೆ ಈ ನೋಟಿಸ್ ತಪ್ಪಿಸಿಕೊಂಡವರು ಬಹಳ.

ಹಂತ 7: ಸಾಕ್ಷಿ ಕಟ್ಟೆಯಲ್ಲಿ

ಚಾರ್ಜ್‌ಶೀಟ್ ಆಗಿ ಸಾಕ್ಷಿಗೆ ಸಮನ್ಸ್ ಬರುವಷ್ಟರಲ್ಲಿ ವರ್ಷಗಳೇ ಕಳೆದಿರಬಹುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸನ್ನು ಗುರುತಿಸುವ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ. ಸರ್ಕಾರದ ಪರ ಕೇಸು ನಡೆಸುವವರು ಎಪಿಪಿ, ಸಹಾಯಕ ಸರ್ಕಾರಿ ಅಭಿಯೋಜಕರು. ನಿಮ್ಮದೇ ವಕೀಲರು ಕೋರ್ಟಿನ ಅನುಮತಿ ಪಡೆದು ಅವರಿಗೆ ನೆರವಾಗಬಹುದು.

ಸಾಕ್ಷಿಯ ದಿನಕ್ಕೆ ಮುಂಚೆಯೇ ಎಪಿಪಿಯನ್ನು ಕಂಡು ನಿಮ್ಮ ದೂರು ಮತ್ತು ಹೇಳಿಕೆಯನ್ನು ಓದಿಕೊಳ್ಳಿ. ಮೊದಲು ಎಪಿಪಿ ಕೇಳುವುದು ಮುಖ್ಯ ವಿಚಾರಣೆ, ಆಮೇಲೆ ಎದುರು ವಕೀಲರ ಪಾಟೀ ಸವಾಲು. ಪ್ರಶ್ನೆಗಳು ಊಹಿಸಬಹುದಾದಂಥವೇ. ಇಷ್ಟು ದಿನ ಯಾಕೆ ದೂರು ಕೊಡಲಿಲ್ಲ? ಗೌರಿ ಹಬ್ಬದಲ್ಲಿ ಗಂಡನ ಪಕ್ಕ ನಗುತ್ತಿರುವ ಫೋಟೊ ಇದೆಯಲ್ಲ? ಡಿವೋರ್ಸ್ ನೋಟಿಸ್ ಬಂದ ಮೇಲೆ ತಾನೇ ದೂರು ಕೊಟ್ಟಿದ್ದು? ಹೊಡೆದ ಎಂದು ಇವತ್ತು ಹೇಳುತ್ತೀರಿ, ದೂರಿನಲ್ಲಿ ತಳ್ಳಿದ ಎಂದಿದೆ?

ಕೇಳಿದ್ದಕ್ಕಷ್ಟೇ ಉತ್ತರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೆನಪಿಲ್ಲದಿದ್ದರೆ ನೆನಪಿಲ್ಲ. ಒಂದೇ ಪ್ರಶ್ನೆಯಲ್ಲಿ ಎರಡು ಸೇರಿಸಿದ್ದರೆ ಬಿಡಿಸಿ ಕೇಳಿ ಎನ್ನಿ. ಮಕ್ಕಳಿಗಾಗಿ ಸಹಿಸಿಕೊಂಡೆ, ಹೋಗಲು ಜಾಗವಿರಲಿಲ್ಲ ಎಂಬುದು ನಿಜವಾದರೆ ಅದನ್ನೇ ಹೇಳಿ. ಅದನ್ನು ಹೇಳಲು ನಾಚಿ ಬೇರೆ ಕಾರಣ ಹುಡುಕಿದಾಗಲೇ ಉತ್ತರ ತೊಡರಿಕೊಳ್ಳುತ್ತದೆ. ಸಹಿಗೆ ಮುನ್ನ ಟೈಪ್ ಆದದ್ದನ್ನು ಓದಿಸಿಕೊಳ್ಳಿ, ತಪ್ಪಿದ್ದರೆ ಅಲ್ಲೇ ನ್ಯಾಯಾಧೀಶರಿಗೆ ತಿಳಿಸಿ. ಸಾಕ್ಷಿಗೆ ಪ್ರಯಾಣದ ಭತ್ಯೆ ಕೇಳಬಹುದು.

ಖುಲಾಸೆಯಾದರೆ ಮೇಲ್ಮನವಿ ಹಾಕುವ ಹಕ್ಕು ನಿಮಗೂ ಇದೆ. ರಕ್ಷಣಾ ಕಾಯ್ದೆಯ ಆದೇಶದ ಮೇಲಾದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ.

ಹಂತ 8: ನಡುವೆ ರಾಜಿ ಬಂದರೆ

ಬಹಳಷ್ಟು ಕೇಸುಗಳು ತೀರ್ಪಿಗೆ ಮೊದಲೇ ರಾಜಿಯಲ್ಲಿ ಮುಗಿಯುತ್ತವೆ. ಆದರೆ ಠಾಣೆಗೆ ಹೋಗಿ ದೂರು ವಾಪಸ್ ಎಂದರೆ ಸೆಕ್ಷನ್ 85ರ ಕೇಸು ಮುಗಿಯುವುದಿಲ್ಲ, ಅದು ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲಿಲ್ಲ. ಎರಡೂ ಕಡೆಯವರು ಹೈಕೋರ್ಟಿಗೆ, ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹೋಗಿ ರದ್ದು ಮಾಡಿಸಬೇಕು. ನಿಮ್ಮ ಒಪ್ಪಿಗೆಯ ಅಫಿಡವಿಟ್ ಗಂಡನಿಗೆ ಬೇಕಾಗುವುದು ಅಲ್ಲಿ. ಚೌಕಾಸಿಯಲ್ಲಿ ನಿಮ್ಮ ಕೈಲಿರುವ ಬಲವೂ ಅದೇ.

ಆದ್ದರಿಂದ ಮೀಡಿಯೇಶನ್ ಕೇಂದ್ರದಲ್ಲಿ ಬರೆಯುವ ಒಪ್ಪಂದದಲ್ಲಿ ಕಂತುಗಳನ್ನು ಹಂತಗಳಿಗೆ ಕಟ್ಟಿ: ಒಪ್ಪಂದದ ದಿನ ಇಷ್ಟು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವ ದಿನ ಇಷ್ಟು, ಹೈಕೋರ್ಟಿನಲ್ಲಿ ಒಪ್ಪಿಗೆ ಹೇಳುವ ದಿನ ಉಳಿದದ್ದು ಡಿಡಿಯಾಗಿ. ಮುಂದಿನ ತಾರೀಕಿನ ಚೆಕ್ ತೆಗೆದುಕೊಂಡು ಸಹಿ ಹಾಕಿದವರು ಆಮೇಲೆ ಚೆಕ್ ಬೌನ್ಸ್ ಕೇಸಿಗೆ ಬೇರೆ ಓಡಾಡಬೇಕಾಗುತ್ತದೆ. ಒಡವೆಯ ಪಟ್ಟಿ ಗ್ರಾಂ ಸಮೇತ, ಶಾಲೆಯ ಸರ್ಟಿಫಿಕೇಟು, ಪಾಸ್‌ಪೋರ್ಟ್ ಎಲ್ಲವೂ ಒಪ್ಪಂದದಲ್ಲೇ ಬರಲಿ. ಮಗುವಿನ ಜೀವನಾಂಶವನ್ನು ಮುಂದೆಂದೂ ಕೇಳುವುದಿಲ್ಲ ಎಂಬ ಸಾಲು ಸೇರಿಸಿದ್ದರೆ ಹೊಡೆದುಹಾಕಿಸಿ. ಅದು ಮಗುವಿನ ಹಕ್ಕು, ಬಿಟ್ಟುಕೊಡಲು ನಿಮ್ಮದಲ್ಲ.